ಒತ್ತಡ ಸರಿಯಿದೆ, ಬೆರಳ ತುದಿ ತಣ್ಣಗಿದೆ: ಸೆಪ್ಟಿಕ್ ಶಾಕ್‌ನಲ್ಲಿ ಸೂಕ್ಷ್ಮ ರಕ್ತಸಂಚಾರ ಪರೀಕ್ಷಿಸುವುದು ಹೇಗೆ

ಮ್ಯಾಪ್ (ಅಪಧಮನಿಯ ಸರಾಸರಿ ಒತ್ತಡ) 68. ನಾಡಿ 104. ಆಕ್ಸಿಮೀಟರ್‌ನಲ್ಲಿ 97. ನಾರ್‌ಅಡ್ರಿನಲಿನ್ (ರಕ್ತದೊತ್ತಡ ಏರಿಸುವ ಔಷಧ) ಒಂದು ಗಂಟೆಯಿಂದ ಒಂದೇ ಡೋಸ್‌ನಲ್ಲಿ ಓಡುತ್ತಿದೆ. ಇಷ್ಟನ್ನೇ ನೋಡಿ ಕೇಸ್ ಶೀಟ್‌ನಲ್ಲಿ ‘ಸ್ಟೇಬಲ್’ ಎಂದು ಬರೆಯಬೇಡಿ. ಮೊದಲು ಹೊದಿಕೆ ಸರಿಸಿ ಮಂಡಿ ನೋಡಿ, ಬೆರಳ ತುದಿ ಒತ್ತಿ ನೋಡಿ. ಮಂಡಿಯ ಸುತ್ತ ನೇರಳೆ ಬಲೆ ಹರಡಿದಂತಹ ಕಲೆ ಇದ್ದರೆ, ಒತ್ತಿ ಬಿಟ್ಟ ಬೆರಳಿಗೆ ಬಣ್ಣ ಮರಳಲು 6 ಸೆಕೆಂಡ್ ಹಿಡಿದರೆ, ದೊಡ್ಡ ನಾಳದಲ್ಲಿ ಒತ್ತಡ ಬಂದಿದೆ, ಆಮ್ಲಜನಕ ಮಾತ್ರ ಜೀವಕೋಶಕ್ಕೆ ಮುಟ್ಟುತ್ತಿಲ್ಲ ಎಂದರ್ಥ. ಕಾಲುವೆಯ ಬಾಯಲ್ಲಿ ನೀರು ತುಂಬಿ ಹರಿದರೂ ತುದಿಯ ಗದ್ದೆ ಒಣಗಿರುವ ಹಾಗೆ.

ಈ ಬರಹ ಐಸಿಯು, ಎಮರ್ಜೆನ್ಸಿ ವಾರ್ಡ್‌ಗಳಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರಿಗೆ ಮತ್ತು ನರ್ಸಿಂಗ್ ಸಿಬ್ಬಂದಿಗೆ. ಇಲ್ಲಿರುವ ಡೋಸ್‌ಗಳು ವಯಸ್ಕ ರೋಗಿಗಳವು. ಅವುಗಳನ್ನು ನಿಮ್ಮ ಘಟಕದ ಪ್ರೋಟೊಕಾಲ್ ಮತ್ತು ಹಿರಿಯ ವೈದ್ಯರ ನಿರ್ಧಾರದೊಂದಿಗೇ ಬಳಸಬೇಕು. ಮನೆಯಲ್ಲಿ ಯಾರಿಗಾದರೂ ಸೋಂಕಿನ ಜೊತೆ ಗೊಂದಲ, ವೇಗದ ಉಸಿರು, ತಣ್ಣನೆಯ ಕೈಕಾಲು, ಮೂತ್ರ ಕಡಿಮೆಯಾಗುವುದು ಕಂಡರೆ ಇದನ್ನು ಓದುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಲೋಮನಾಳದಲ್ಲಿ ಏನು ಕೆಡುತ್ತದೆ

2016ರ ವ್ಯಾಖ್ಯೆಯ ಪ್ರಕಾರ ಸೆಪ್ಟಿಕ್ ಶಾಕ್ ಎಂದರೆ, ಸೆಪ್ಸಿಸ್ (ಸೋಂಕಿನಿಂದ ಅಂಗಗಳು ಕೆಡುವ ಸ್ಥಿತಿ) ಇದ್ದು, ಸಾಕಷ್ಟು ದ್ರವ ಕೊಟ್ಟ ಮೇಲೂ ಸರಾಸರಿ ಒತ್ತಡವನ್ನು 65 ಮಿಲಿಮೀಟರ್ ಪಾದರಸದಲ್ಲಿ ಹಿಡಿದಿಡಲು ವ್ಯಾಸೊಪ್ರೆಸರ್ (ನಾಳ ಬಿಗಿಸಿ ಒತ್ತಡ ಏರಿಸುವ ಔಷಧ) ಬೇಕಾಗುವುದು, ಜೊತೆಗೆ ರಕ್ತದಲ್ಲಿ ಲ್ಯಾಕ್ಟೇಟ್ (ಜೀವಕೋಶಕ್ಕೆ ಆಮ್ಲಜನಕ ಸಾಲದಾಗ ಹೆಚ್ಚುವ ವಸ್ತು) ಲೀಟರಿಗೆ 2 ಮಿಲಿಮೋಲ್‌ಗಿಂತ ಹೆಚ್ಚಿರುವುದು. ಎರಡೂ ಇರಬೇಕು. ಒತ್ತಡದ ಸಂಖ್ಯೆ ಒಂದೇ ಸಾಲದು ಎಂಬುದು ವ್ಯಾಖ್ಯೆಯೊಳಗೇ ಇದೆ.

ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಒಳವ್ಯಾಸ 5ರಿಂದ 10 ಮೈಕ್ರೋಮೀಟರ್, ಕೆಂಪು ರಕ್ತಕಣದ್ದು 7ರಿಂದ 8. ಅಂದರೆ ಎಷ್ಟೋ ಕಡೆ ಕಣ ತನ್ನನ್ನು ಮಡಚಿಕೊಂಡೇ ನುಸುಳಬೇಕು. ಸೆಪ್ಸಿಸ್‌ನಲ್ಲಿ ಕಣದ ಪೊರೆ ಗಡುಸಾಗುತ್ತದೆ, ಮಡಚಿಕೊಳ್ಳುವ ಗುಣ ಕುಂದುತ್ತದೆ. ಅದೇ ಹೊತ್ತಿಗೆ ನಾಳದ ಒಳಗೋಡೆಯನ್ನು ಹೊದ್ದಿರುವ ಲೋಳೆಯಂತಹ ಪದರ, ಗ್ಲೈಕೊಕೇಲಿಕ್ಸ್, ಕಳಚಿ ಹೋಗುತ್ತದೆ. ಈ ಪದರ ಇರುವವರೆಗೆ ಬಿಳಿರಕ್ತಕಣಗಳು, ಪ್ಲೇಟ್‌ಲೆಟ್‌ಗಳು ಗೋಡೆಗೆ ಅಂಟುವುದಿಲ್ಲ, ಪ್ಲಾಸ್ಮಾ ಸುಲಭವಾಗಿ ಸೋರುವುದಿಲ್ಲ. ಪದರ ಹೋದ ಮೇಲೆ ಮೂರೂ ಒಟ್ಟಿಗೆ ಶುರುವಾಗುತ್ತವೆ: ಬಿಳಿಕಣಗಳು ಅಂಟಿ ದಾರಿ ಕಿರಿದಾಗಿಸುತ್ತವೆ, ಸಣ್ಣ ಹೆಪ್ಪುಗಳು ಕಟ್ಟುತ್ತವೆ, ದ್ರವ ಹೊರಗೆ ಸೋರಿ ಅಂಗಾಂಶ ಊದುತ್ತದೆ.

ಇನ್ನೊಂದು ಕೆಡುಕು ನಿಯಂತ್ರಣದ್ದು. ಆರೋಗ್ಯವಂತರಲ್ಲಿ ಆಮ್ಲಜನಕ ಕಡಿಮೆಯಾದ ಜಾಗಕ್ಕೆ ರಕ್ತ ತಾನಾಗಿ ತಿರುಗುತ್ತದೆ. ಕೆಂಪುಕಣವೇ ಎಟಿಪಿ ಎಂಬ ರಾಸಾಯನಿಕ ಬಿಡುಗಡೆ ಮಾಡಿ ಸೂಚನೆ ಕೊಡುತ್ತದೆ, ಆ ಸೂಚನೆ ಒಳಗೋಡೆಯ ಜೀವಕೋಶಗಳ ಮೂಲಕ ಮೇಲಕ್ಕೆ ಸಾಗಿ ಕಿರು ಅಪಧಮನಿ ಹಿಗ್ಗುತ್ತದೆ. ಸೆಪ್ಸಿಸ್‌ನಲ್ಲಿ ಈ ಸೂಚನೆ ಸರಿಯಾಗಿ ದಾಟುವುದಿಲ್ಲ. ನೈಟ್ರಿಕ್ ಆಕ್ಸೈಡ್ ಒಂದೆಡೆ ಅತಿಯಾಗಿ, ಮತ್ತೊಂದೆಡೆ ತೀರಾ ಕಡಿಮೆಯಾಗಿ ಉತ್ಪತ್ತಿಯಾಗುತ್ತದೆ. ಹೀಗಾಗಿ ಒಂದು ಲೋಮನಾಳದಲ್ಲಿ ರಕ್ತ ರಭಸದಿಂದ ಓಡುತ್ತದೆ, ಪಕ್ಕದ್ದರಲ್ಲಿ ನಿಂತೇ ಬಿಟ್ಟಿರುತ್ತದೆ.

ಈ ಏರುಪೇರೇ ವಿಷಯದ ತಿರುಳು. ಡೆನ್ಮಾರ್ಕ್‌ನ ಆಗಸ್ಟ್ ಕ್ರೋಗ್ 1919ರಲ್ಲಿ ತೋರಿಸಿದ ಲೆಕ್ಕದಲ್ಲಿ ಪ್ರತಿ ಲೋಮನಾಳವೂ ತನ್ನ ಸುತ್ತಲಿನ ಒಂದು ಸಿಲಿಂಡರ್‌ನಷ್ಟು ಅಂಗಾಂಶಕ್ಕೆ ಆಮ್ಲಜನಕ ಉಣಿಸುತ್ತದೆ. ಎರಡು ಸಿಲಿಂಡರ್‌ಗಳ ನಡುವಿನ ನಾಳದಲ್ಲಿ ಹರಿವು ನಿಂತುಹೋದರೆ ಅದರ ಪಾಲಿನ ಜೀವಕೋಶಗಳಿಗೆ ದೂರದ ನಾಳವೇ ಗತಿ, ಮತ್ತು ದೂರ ಹೆಚ್ಚಿದಷ್ಟೂ ಮುಟ್ಟುವ ಆಮ್ಲಜನಕ ಕಡಿಮೆ. ಪಕ್ಕದ ನಾಳದಲ್ಲಿ ಎರಡು ಪಟ್ಟು ರಕ್ತ ಹರಿಸಿದರೂ ಈ ನಷ್ಟ ತುಂಬುವುದಿಲ್ಲ, ಏಕೆಂದರೆ ಅಲ್ಲಿ ಕಣ ಆಮ್ಲಜನಕ ಇಳಿಸುವಷ್ಟು ಹೊತ್ತು ನಿಲ್ಲುವುದೇ ಇಲ್ಲ. ಒಟ್ಟು ಹರಿವು ಸಮನಾಗಿದ್ದರೂ ಹಂಚಿಕೆ ಕೆಟ್ಟರೆ ಅಂಗಾಂಶ ಸೊರಗುತ್ತದೆ. ಆದ್ದರಿಂದಲೇ ಸೆಪ್ಟಿಕ್ ಶಾಕ್‌ನಲ್ಲಿ ಹೃದಯ ಮಾಮೂಲಿಗಿಂತ ಹೆಚ್ಚು ರಕ್ತ ಪಂಪ್ ಮಾಡುತ್ತಿರುವಾಗಲೂ ಲ್ಯಾಕ್ಟೇಟ್ ಏರುತ್ತಿರಬಹುದು.

ಇದರ ಮೇಲೆ, ಆಮ್ಲಜನಕ ಮುಟ್ಟಿದರೂ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾ ಅದನ್ನು ಬಳಸಲಾರದ ಸ್ಥಿತಿಯೂ ಬರುತ್ತದೆ. ಹಾಸಿಗೆಯ ಪಕ್ಕ ನಿಂತು ಇವೆರಡನ್ನು ಖಚಿತವಾಗಿ ಬೇರ್ಪಡಿಸುವ ಪರೀಕ್ಷೆ ಇಲ್ಲ. ಆದರೆ ಹರಿವನ್ನು ಸರಿಪಡಿಸುವುದು ನಮ್ಮ ಕೈಯಲ್ಲಿರುವ ಕೆಲಸ. ಅಲ್ಲಿಂದಲೇ ಶುರು ಮಾಡಬೇಕು.

ಆಮ್ಲಜನಕದ ಲೆಕ್ಕ, ಒಂದು ಉದಾಹರಣೆಯೊಂದಿಗೆ

100 ಎಂಎಲ್ ರಕ್ತದಲ್ಲಿರುವ ಆಮ್ಲಜನಕ = 1.34 × ಹಿಮೋಗ್ಲೋಬಿನ್ × ಸ್ಯಾಚುರೇಶನ್ (ಹಿಮೋಗ್ಲೋಬಿನ್ನಿನ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದು), ಜೊತೆಗೆ 0.003 × ಆಮ್ಲಜನಕದ ಒತ್ತಡ. ಇದನ್ನು ಹೃದಯ ನಿಮಿಷಕ್ಕೆ ಪಂಪ್ ಮಾಡುವ ಲೀಟರ್‌ಗಳಿಂದ ಗುಣಿಸಿ, ಮತ್ತೆ 10ರಿಂದ ಗುಣಿಸಿದರೆ ದೇಹಕ್ಕೆ ಒಂದು ನಿಮಿಷದಲ್ಲಿ ಸಾಗುವ ಆಮ್ಲಜನಕ ಸಿಗುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಇದು ಸುಮಾರು 1000 ಎಂಎಲ್. ಬಳಕೆ ಸುಮಾರು 250. ಅಂದರೆ ಕಾಲು ಭಾಗ ಇಳಿಯುತ್ತದೆ, ಮುಕ್ಕಾಲು ಭಾಗ ಮರಳುತ್ತದೆ.

ಈಗ ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ: ಹಿಮೋಗ್ಲೋಬಿನ್ 9 ಗ್ರಾಂ, ಅಪಧಮನಿಯ ಸ್ಯಾಚುರೇಶನ್ 97 ಶೇಕಡಾ, ಆಮ್ಲಜನಕದ ಒತ್ತಡ 90, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಪಂಪ್ ನಿಮಿಷಕ್ಕೆ 6 ಲೀಟರ್. ಅಪಧಮನಿಯ ರಕ್ತದಲ್ಲಿ 100 ಎಂಎಲ್‌ಗೆ 12 ಎಂಎಲ್ ಆಮ್ಲಜನಕ, ಸಾಗಣೆ ನಿಮಿಷಕ್ಕೆ ಸುಮಾರು 720. ಸೆಂಟ್ರಲ್ ಲೈನ್‌ನಿಂದ (ಹೃದಯದ ಬಳಿಯ ದೊಡ್ಡ ಅಭಿಧಮನಿಗೆ ಹಾಕಿದ ನಳಿಕೆ) ತೆಗೆದ ರಕ್ತದಲ್ಲಿ ಸ್ಯಾಚುರೇಶನ್ 78 ಶೇಕಡಾ, ಅಂದರೆ ಅಲ್ಲಿ ಸುಮಾರು 9.5 ಎಂಎಲ್. ವ್ಯತ್ಯಾಸ ಸುಮಾರು 2.4. ಬಂದ ಆಮ್ಲಜನಕದಲ್ಲಿ ಇಳಿದದ್ದು ಬರೀ 20 ಶೇಕಡಾ. ಲ್ಯಾಕ್ಟೇಟ್ ಮಾತ್ರ 5.2.

‘78 ಇದೆ, 70ಕ್ಕಿಂತ ಮೇಲಿದೆ, ಚೆನ್ನಾಗಿದೆ’ ಎಂದು ಓದುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಸಾಗಣೆ ಕಡಿಮೆಯಿದ್ದಾಗ ಅಂಗಾಂಶ ಹೆಚ್ಚು ಪಾಲು ಎಳೆದುಕೊಳ್ಳಬೇಕಿತ್ತು. ಎಳೆದುಕೊಂಡಿಲ್ಲ. ರಕ್ತ ಲೋಮನಾಳಗಳನ್ನು ಹೊಕ್ಕದೆ ಪಕ್ಕದಿಂದ ದಾಟಿ ಬಂದಿದೆ, ಇಲ್ಲವೇ ಜೀವಕೋಶ ಆಮ್ಲಜನಕ ಬಳಸಲಾಗದ ಸ್ಥಿತಿಯಲ್ಲಿದೆ. ಸೆಂಟ್ರಲ್ ಸ್ಯಾಚುರೇಶನ್ 70ಕ್ಕಿಂತ ಕೆಳಗಿದ್ದರೆ ಸಾಗಣೆಯ ಸಮಸ್ಯೆ ಸ್ಪಷ್ಟ. 70ಕ್ಕಿಂತ ಮೇಲಿದ್ದರೆ ಏನೂ ಸಾಬೀತಾಗುವುದಿಲ್ಲ. ಲ್ಯಾಕ್ಟೇಟ್ ಹೆಚ್ಚಿದ್ದು ಇದು 80 ದಾಟಿದರೆ ನೆಮ್ಮದಿ ಬೇಡ, ಎಚ್ಚರ ಬೇಕು.

ಬೆರಳ ತುದಿಯ ಪರೀಕ್ಷೆ

ಕ್ಯಾಪಿಲರಿ ರೀಫಿಲ್ ಟೈಮ್, ಅಂದರೆ ಸಿಆರ್‌ಟಿ, ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಸರಿಯಾಗಿ ಮಾಡುವವರು ಕಡಿಮೆ. ಉಗುರನ್ನು ಅರೆ ಸೆಕೆಂಡ್ ಚಿವುಟಿ ‘ನಾರ್ಮಲ್’ ಎಂದು ಬರೆದರೆ ಅದು ಪರೀಕ್ಷೆಯೇ ಅಲ್ಲ. 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನ 424 ರೋಗಿಗಳಲ್ಲಿ ಸಿಆರ್‌ಟಿಯನ್ನು ಗುರಿಯಾಗಿಟ್ಟ ಚಿಕಿತ್ಸೆಯನ್ನೂ ಲ್ಯಾಕ್ಟೇಟನ್ನು ಗುರಿಯಾಗಿಟ್ಟ ಚಿಕಿತ್ಸೆಯನ್ನೂ ಹೋಲಿಸಿತು. 28 ದಿನಗಳ ಸಾವಿನ ಪ್ರಮಾಣ ಕ್ರಮವಾಗಿ 34.9 ಮತ್ತು 43.4 ಶೇಕಡಾ. ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು, ಹಾಗಾಗಿ ಸಾವು ತಗ್ಗುತ್ತದೆ ಎಂದು ಆ ಅಧ್ಯಯನದಿಂದ ಹೇಳಲಾಗದು. ಆದರೆ ಖರ್ಚಿಲ್ಲದ ಈ ಪರೀಕ್ಷೆ ಲ್ಯಾಕ್ಟೇಟ್‌ಗಿಂತ ಕೆಟ್ಟ ಮಾರ್ಗದರ್ಶಿಯಲ್ಲ ಎಂಬುದಂತೂ ಗಟ್ಟಿಯಾಯಿತು. ಅಲ್ಲಿ ಬಳಸಿದ ವಿಧಾನ ಹೀಗಿದೆ:

1. ಬಲಗೈ ತೋರುಬೆರಳು ಆರಿಸಿ. ಅದರಲ್ಲಿ ಆಕ್ಸಿಮೀಟರ್ ಇದ್ದರೆ ತೆಗೆದು ಬೇರೆ ಬೆರಳಿಗೆ ಹಾಕಿ. ಕೈಯನ್ನು ಹೃದಯದ ಮಟ್ಟದಲ್ಲಿ ಇಡಿ. ಹಾಸಿಗೆಯಿಂದ ಕೆಳಗೆ ಜೋತಾಡುವ ಕೈಯಲ್ಲಿ ಅಭಿಧಮನಿ ತುಂಬಿರುತ್ತದೆ, ಬಣ್ಣ ಬೇಗ ಮರಳಿದಂತೆ ಕಾಣುತ್ತದೆ.

2. ಸೂಕ್ಷ್ಮದರ್ಶಕದ ಗಾಜಿನ ಸ್ಲೈಡ್ ಒಂದನ್ನು ಬೆರಳ ತುದಿಯ ಒಳಮೈಗೆ, ಅಂದರೆ ಉಗುರಿನ ಹಿಂಬದಿಯ ಮೆತ್ತನೆಯ ಭಾಗಕ್ಕೆ, ಇಟ್ಟು ಒತ್ತಿ. ಗಾಜಿನಡಿಯ ಚರ್ಮ ಪೂರ್ತಿ ಬಿಳಿಚುವವರೆಗೆ ಒತ್ತಡ ಹೆಚ್ಚಿಸಿ. ಗಾಜು ಏಕೆಂದರೆ ಒತ್ತಿದ್ದು ಸಾಕೇ ಇಲ್ಲವೇ ಎಂಬುದು ಅದರ ಮೂಲಕ ಕಣ್ಣಿಗೆ ಕಾಣುತ್ತದೆ.

3. ಒತ್ತಡವನ್ನು ಸಡಿಲಿಸದೆ 10 ಸೆಕೆಂಡ್ ಹಿಡಿಯಿರಿ. ಮನಸ್ಸಿನಲ್ಲೇ ಎಣಿಸಬೇಡಿ, ಗಡಿಯಾರ ನೋಡಿ.

4. ಗಾಜನ್ನು ತಟ್ಟನೆ ತೆಗೆದು ಅದೇ ಕ್ಷಣ ಸ್ಟಾಪ್‌ವಾಚ್ ಒತ್ತಿ. ಸುತ್ತಲಿನ ಚರ್ಮದ ಬಣ್ಣಕ್ಕೆ ಪೂರ್ತಿ ಮರಳಿದಾಗ ನಿಲ್ಲಿಸಿ. ಮೊದಲ ಗುಲಾಬಿ ಛಾಯೆ ಕಂಡಾಕ್ಷಣ ನಿಲ್ಲಿಸಿದರೆ ಒಂದೆರಡು ಸೆಕೆಂಡ್ ಕಡಿಮೆ ಬರುತ್ತದೆ.

5. 3 ಸೆಕೆಂಡ್ ಮೀರಿದರೆ ಅಸಹಜ. ಪುನಶ್ಚೇತನದ ಹಂತದಲ್ಲಿ 30 ನಿಮಿಷಕ್ಕೊಮ್ಮೆ, ಸಾಧ್ಯವಾದಷ್ಟೂ ಒಬ್ಬರೇ, ಅದೇ ಬೆರಳಿನಲ್ಲಿ, ಅದೇ ಬೆಳಕಿನಲ್ಲಿ ಮತ್ತೆ ನೋಡಿ.

ತಪ್ಪುವುದೆಲ್ಲಿ? ಏಸಿ ಗಾಳಿ ನೇರವಾಗಿ ಕೈಗೆ ಬೀಸುತ್ತಿದ್ದರೆ ಬೆರಳು ತಣ್ಣಗಾಗಿ ಸಮಯ ಸುಳ್ಳಾಗಿ ಹೆಚ್ಚುತ್ತದೆ. ಕೈಯನ್ನು 5 ನಿಮಿಷ ಹೊದಿಸಿ ನೋಡಿ, ಆಗಲೂ ಹೆಚ್ಚಿದ್ದರೆ ಅದನ್ನು ನಂಬಿ. ಆ ಕೈಯಲ್ಲೇ ರಕ್ತದೊತ್ತಡದ ಪಟ್ಟಿ ಊದುತ್ತಿದ್ದರೆ, ರೇನಾಡ್ (ಚಳಿಗೆ ಬೆರಳಿನ ನಾಳಗಳು ಮುದುಡುವ ತೊಂದರೆ) ಅಥವಾ ಅಪಧಮನಿಯ ಹಳೆಯ ಅಡಚಣೆ ಇದ್ದರೆ, ಬೆರಳು ತುಂಬ ಊದಿದ್ದರೆ ಆ ಬೆರಳನ್ನು ಬಿಡಿ. ಕಪ್ಪು ಚರ್ಮದಲ್ಲಿ ಬೆರಳ ಹಿಂಬದಿಗಿಂತ ಒಳಮೈಯೇ ಹೆಚ್ಚು ಓದಲು ಬರುತ್ತದೆ, ಬೆಳಕು ಮಾತ್ರ ಧಾರಾಳವಾಗಿರಲಿ. ಮಂದ ಬೆಳಕಿನ ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದೇ ನೋಡಬೇಕು.

ಸಿಆರ್‌ಟಿಯ ದೊಡ್ಡ ಗುಣ ಅದರ ವೇಗ. ಹರಿವು ಸುಧಾರಿಸಿದ ಕೆಲವೇ ನಿಮಿಷಗಳಲ್ಲಿ ಅದು ಬದಲಾಗುತ್ತದೆ. ಲ್ಯಾಕ್ಟೇಟ್ ಗಂಟೆಗಟ್ಟಲೆ ಹಿಂದುಳಿಯುತ್ತದೆ. ಲ್ಯಾಕ್ಟೇಟ್ ಇಳಿಯುವುದನ್ನೇ ಕಾಯುತ್ತ ಬೋಲಸ್ (ಒಮ್ಮೆಲೇ ವೇಗವಾಗಿ ಕೊಡುವ ದ್ರವ) ಮೇಲೆ ಬೋಲಸ್ ಸುರಿಯುವುದು ಐಸಿಯುಗಳಲ್ಲಿ ಕಾಣುವ ಅತ್ಯಂತ ಹಾನಿಕರ ಅಭ್ಯಾಸಗಳಲ್ಲಿ ಒಂದು.

ಮಂಡಿ ಮತ್ತು ಶಾಖ

ಮಂಡಿಯ ಸುತ್ತಲಿನ ಕಲೆಗೆ 0ಯಿಂದ 5ರ ಅಂಕವಿದೆ. ಕಲೆಯೇ ಇಲ್ಲದಿದ್ದರೆ 0. ಮಂಡಿಯ ನಡುವೆ ನಾಣ್ಯದಷ್ಟು ಇದ್ದರೆ 1. ಮಂಡಿಚಿಪ್ಪಿನ ಮೇಲಂಚನ್ನು ದಾಟದಿದ್ದರೆ 2. ತೊಡೆಯ ಮಧ್ಯದವರೆಗೆ 3. ತೊಡೆಸಂದಿನವರೆಗೆ 4. ಅದನ್ನೂ ಮೀರಿದರೆ 5. ಅಂಕ ಏರಿದಷ್ಟೂ ಅಪಾಯ ಹೆಚ್ಚು. ಒಂದು ಸಲದ ಅಂಕಕ್ಕಿಂತ ಆರು ಗಂಟೆಗಳಲ್ಲಿ ಅದು ಏರಿತೋ ಇಳಿಯಿತೋ ಎಂಬುದು ಮುಖ್ಯ. ಕಪ್ಪು ಚರ್ಮದಲ್ಲಿ ಈ ಕಲೆ ಕಾಣದೇ ಹೋಗಬಹುದು, ಕಾಣಲಿಲ್ಲವೆಂದು 0 ಬರೆಯದೆ ‘ಓದಲಾಗಲಿಲ್ಲ’ ಎಂದೇ ಬರೆಯಿರಿ. ಅಂಥವರಲ್ಲಿ ನಿಮ್ಮ ಕೈಯ ಹಿಂಬದಿಯನ್ನು ತೊಡೆಯಿಂದ ಪಾದದವರೆಗೆ ಸರಿಸಿ ಶಾಖ ಎಲ್ಲಿ ತಣ್ಣಗೆ ತಿರುಗುತ್ತದೆ ಎಂದು ಗುರುತಿಸಿ. ಆ ಗೆರೆ ಕೆಳಗಿಳಿಯುತ್ತ ಹೋದರೆ ಸುಧಾರಣೆ. ಎರಡು ಥರ್ಮಾಮೀಟರ್ ತಂತಿಗಳಿದ್ದರೆ ಮುಂಗೈ ಮತ್ತು ಬೆರಳ ತುದಿಯ ನಡುವಿನ ವ್ಯತ್ಯಾಸ ಅಳೆಯಿರಿ. 4 ಡಿಗ್ರಿ ಸೆಲ್ಸಿಯಸ್ ಮೀರಿದರೆ ಚರ್ಮದ ನಾಳಗಳು ಬಿಗಿಯಾಗಿ ಮುದುಡಿವೆ.

ರಕ್ತದ ಮಾದರಿಗಳು: ತೆಗೆಯುವ ಬಗೆಯಲ್ಲೇ ಅರ್ಧ ಉತ್ತರ

ಲ್ಯಾಕ್ಟೇಟ್‌ಗೆ ಪಟ್ಟಿ ಬಿಗಿದು ಹೊತ್ತು ಕಳೆದ ಕೈಯಿಂದ ರಕ್ತ ತೆಗೆಯಬೇಡಿ. ರಿಂಗರ್ ಲ್ಯಾಕ್ಟೇಟ್ ಹರಿಯುತ್ತಿರುವ ಲೈನ್‌ನಿಂದಂತೂ ಬೇಡವೇ ಬೇಡ. ತೆಗೆದ 15 ನಿಮಿಷದೊಳಗೆ ಯಂತ್ರಕ್ಕೆ ಹಾಕಿ, ಆಗದಿದ್ದರೆ ಮಂಜುಗಡ್ಡೆಯಲ್ಲಿಡಿ, ಇಲ್ಲದಿದ್ದರೆ ಸಿರಿಂಜ್‌ನೊಳಗಿನ ಕೆಂಪುಕಣಗಳೇ ಲ್ಯಾಕ್ಟೇಟ್ ತಯಾರಿಸುತ್ತಿರುತ್ತವೆ. ಸಂಖ್ಯೆ ಹೆಚ್ಚಿದ್ದಾಗಲೂ ಅದೆಲ್ಲ ಆಮ್ಲಜನಕದ ಕೊರತೆಯದೇ ಎಂದು ಹೇಳಲಾಗದು. ಅಡ್ರಿನಲಿನ್ ಇನ್‌ಫ್ಯೂಶನ್, ಯಕೃತ್ತಿನ ವೈಫಲ್ಯ, ಥಯಾಮಿನ್ ಕೊರತೆ, ಮೆಟ್‌ಫಾರ್ಮಿನ್, ಸೆಳೆತ ಎಲ್ಲವೂ ಅದನ್ನು ಏರಿಸುತ್ತವೆ.

ಅಭಿಧಮನಿ ಮತ್ತು ಅಪಧಮನಿಯ ರಕ್ತದ ನಡುವಿನ ಕಾರ್ಬನ್ ಡೈಆಕ್ಸೈಡ್ ಅಂತರ ಹರಿವಿನ ಒಳ್ಳೆಯ ಸೂಚಕ. ಸೆಂಟ್ರಲ್ ಲೈನ್‌ನ ತುದಿಯ ಪೋರ್ಟ್‌ನಿಂದ ಮೊದಲ ಭಾಗವನ್ನು ಬೇರೆಯಾಗಿ ಎಳೆದು, ನಂತರ ನಿಧಾನವಾಗಿ ಮಾದರಿ ತೆಗೆಯಿರಿ. ಜೊತೆಯಲ್ಲೇ ಅಪಧಮನಿಯಿಂದ ಇನ್ನೊಂದು. ಎರಡರ ನಡುವೆ ಕೆಲವು ನಿಮಿಷಗಳಾದರೂ ಹೋಲಿಕೆ ಹಾಳು. ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಉಳಿದರೆ ಕಾರ್ಬನ್ ಡೈಆಕ್ಸೈಡ್ ಕಡಿಮೆ ತೋರಿಸುತ್ತದೆ, ಕೂಡಲೇ ಹೊರಹಾಕಿ ಮುಚ್ಚಳ ಹಾಕಿ. ತೊಡೆಯ ಲೈನ್‌ನಿಂದ ತೆಗೆದ ರಕ್ತವನ್ನು ಈ ಲೆಕ್ಕಗಳಿಗೆ ಬಳಸಬೇಡಿ.

ಅಭಿಧಮನಿಯ ಕಾರ್ಬನ್ ಡೈಆಕ್ಸೈಡ್ ಒತ್ತಡ ಅಪಧಮನಿಯದಕ್ಕಿಂತ 6 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ತ್ಯಾಜ್ಯವನ್ನು ಕೊಚ್ಚಿಕೊಂಡು ಹೋಗುವಷ್ಟು ಹರಿವು ಇಲ್ಲ. ಮೇಲಿನ ನಮ್ಮ ರೋಗಿಯಲ್ಲಿ ಅಂತರ 7 ಎಂದಿಟ್ಟುಕೊಳ್ಳಿ. ಅದನ್ನು ಆಮ್ಲಜನಕದ ವ್ಯತ್ಯಾಸ 2.4ರಿಂದ ಭಾಗಿಸಿದರೆ 2.9. ಈ ಭಾಗಲಬ್ಧ 1.4 ದಾಟಿದರೆ ಆಮ್ಲಜನಕರಹಿತ ಉರಿತ ನಡೆಯುತ್ತಿರುವ ಸಾಧ್ಯತೆ ಹೆಚ್ಚು. ಸ್ಯಾಚುರೇಶನ್ 78 ಎಂದು ಸಮಾಧಾನಪಟ್ಟಿದ್ದರೆ ಇದು ಕೈತಪ್ಪುತ್ತಿತ್ತು. ಒಂದು ಎಚ್ಚರಿಕೆ: ಭಾಗಿಸುವ ಸಂಖ್ಯೆ ಚಿಕ್ಕದಾದಷ್ಟೂ ಸಣ್ಣ ಮಾಪನದೋಷವೂ ಭಾಗಲಬ್ಧವನ್ನು ಬಹಳ ಅಲುಗಿಸುತ್ತದೆ. ಒಂದೇ ಮಾದರಿಯ ಮೇಲೆ ಚಿಕಿತ್ಸೆ ಬದಲಿಸದೆ ಮತ್ತೊಮ್ಮೆ ತೆಗೆದು ನೋಡಿ.

ಸರಿಪಡಿಸುವ ಕ್ರಮ

ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ, ಅದಕ್ಕೂ ಮೊದಲು ಬ್ಲಡ್ ಕಲ್ಚರ್, ಆದರೆ ಕಲ್ಚರ್‌ಗಾಗಿ ಔಷಧ ತಡವಾಗಬಾರದು. ಕೀವು ಇದ್ದರೆ ಹೊರತೆಗೆಯಬೇಕು, ತೂತಾದ ಕರುಳಿದ್ದರೆ ಶಸ್ತ್ರಚಿಕಿತ್ಸೆ ಆಗಬೇಕು. ಸೋಂಕಿನ ಮೂಲ ಉಳಿದರೆ ಕೆಳಗಿನ ಯಾವ ಹೆಜ್ಜೆಯೂ ಬಹಳ ಹೊತ್ತು ನಿಲ್ಲುವುದಿಲ್ಲ.

ಮೊದಲ 3 ಗಂಟೆಗಳಲ್ಲಿ ದೇಹತೂಕದ ಪ್ರತಿ ಕೆಜಿಗೆ 30 ಎಂಎಲ್ ಕ್ರಿಸ್ಟಲಾಯ್ಡ್ (ರಿಂಗರ್ ಲ್ಯಾಕ್ಟೇಟಿನಂತಹ ಲವಣದ ದ್ರವ) ಎಂಬುದು 2021ರ ಮಾರ್ಗಸೂಚಿಯ ಸಲಹೆ, ಅದೂ ದುರ್ಬಲ ಸಲಹೆ. 60 ಕೆಜಿಗೆ 1800 ಎಂಎಲ್. ಒತ್ತಡ ತೀರಾ ಕೆಳಗಿದ್ದರೆ ಈ ದ್ರವ ಮುಗಿಯಲೆಂದು ಕಾಯಬೇಡಿ. ಮೊಣಕೈ ಮಡಿಕೆಯಲ್ಲಿ ಅಥವಾ ಅದಕ್ಕಿಂತ ಮೇಲಿರುವ ಒಳ್ಳೆಯ ಅಭಿಧಮನಿಯಲ್ಲಿ ನಾರ್‌ಅಡ್ರಿನಲಿನ್ ಶುರು ಮಾಡಿ, ಸೂಜಿಯ ಜಾಗವನ್ನು ಪದೇ ಪದೇ ನೋಡುತ್ತಿರಿ. ಗುರಿ ಮ್ಯಾಪ್ 65.

ಇಲ್ಲಿಗೆ ಬಂದ ಮೇಲೂ ಸಿಆರ್‌ಟಿ 3 ಸೆಕೆಂಡ್ ಮೀರಿದ್ದರೆ ಮೊದಲ ಪ್ರಶ್ನೆ: ಇನ್ನಷ್ಟು ದ್ರವ ಕೊಟ್ಟರೆ ಹೃದಯದ ಪಂಪ್ ಹೆಚ್ಚುತ್ತದೆಯೇ? ಕಾಲೆತ್ತುವ ಪರೀಕ್ಷೆ ಮಾಡಿ. ರೋಗಿಯನ್ನು ಮೊದಲು ತಲೆಯ ಭಾಗ 45 ಡಿಗ್ರಿ ಎತ್ತಿದ ಭಂಗಿಯಲ್ಲಿ ಇಡಿ. ಎಕೋದಲ್ಲಿ ಹರಿವು ಅಳೆಯಿರಿ. ಕೈಯಿಂದ ಕಾಲು ಹಿಡಿದೆತ್ತದೆ, ಹಾಸಿಗೆಯನ್ನೇ ತಿರುಗಿಸಿ ಮುಂಡ ಸಮತಲಕ್ಕೆ, ಕಾಲು 45 ಡಿಗ್ರಿಗೆ ತನ್ನಿ. ಒಂದು ನಿಮಿಷದೊಳಗೆ ಮತ್ತೆ ಅಳೆಯಿರಿ. 10 ಶೇಕಡಾ ಅಥವಾ ಹೆಚ್ಚು ಏರಿದರೆ ದ್ರವಕ್ಕೆ ಸ್ಪಂದನೆ ಇದೆ. ರಕ್ತದೊತ್ತಡ ಏರಿತೆಂಬುದನ್ನೇ ಆಧಾರ ಮಾಡಿಕೊಳ್ಳಬೇಡಿ, ನೋವು ಅಥವಾ ಎಚ್ಚರದಿಂದಲೂ ಅದು ಏರುತ್ತದೆ.

ಸ್ಪಂದನೆ ಇದ್ದರೆ 500 ಎಂಎಲ್ ಅನ್ನು 30 ನಿಮಿಷದಲ್ಲಿ ಕೊಟ್ಟು ಸಿಆರ್‌ಟಿ ನೋಡಿ. ಸರಿಹೋಯಿತೇ, ನಿಲ್ಲಿಸಿ. ಸ್ಪಂದನೆಗೆ ಇನ್ನೂ ಅವಕಾಶವಿದೆ ಎಂಬ ಕಾರಣಕ್ಕೆ ಮುಂದುವರಿಸಬೇಡಿ. ಆರೋಗ್ಯವಂತರೂ ದ್ರವಕ್ಕೆ ಸ್ಪಂದಿಸುತ್ತಾರೆ. ಕೇಂದ್ರ ಅಭಿಧಮನಿಯ ಒತ್ತಡ ಒಂದು ಬೋಲಸ್‌ಗೆ 5 ಮಿಲಿಮೀಟರ್ ಏರಿದರೂ ನಿಲ್ಲಿಸಿ.

ಇಷ್ಟು ಬಿಗಿ ಏಕೆಂದರೆ ಲೋಮನಾಳಕ್ಕೆ ರಕ್ತ ನೂಕುವ ಬಲ ಬರೀ ಮ್ಯಾಪ್ ಅಲ್ಲ, ಮ್ಯಾಪ್‌ನಿಂದ ಅಭಿಧಮನಿಯ ಒತ್ತಡ ಕಳೆದು ಉಳಿದದ್ದು. 65ರಲ್ಲಿ 6 ಕಳೆದರೆ 59. ದ್ರವ ಸುರಿದು ಅಭಿಧಮನಿಯ ಒತ್ತಡ 16ಕ್ಕೆ ಏರಿದರೆ ಅದೇ 65ರಲ್ಲಿ ಉಳಿಯುವುದು 49. ಮೂತ್ರಪಿಂಡ ಇದನ್ನು ಬೇಗ ಅನುಭವಿಸುತ್ತದೆ. ಜೊತೆಗೆ ದ್ರವ ಹಿಮೋಗ್ಲೋಬಿನ್ ತೆಳುವಾಗಿಸುತ್ತದೆ, ಕೆಂಪುಕಣ ತುಂಬಿದ ಲೋಮನಾಳಗಳ ಸಂಖ್ಯೆ ಇಳಿಯುತ್ತದೆ. ಸೋರಿದ ದ್ರವ ನಾಳಕ್ಕೂ ಜೀವಕೋಶಕ್ಕೂ ನಡುವಿನ ದೂರ ಹೆಚ್ಚಿಸುತ್ತದೆ. ಒಂದೇ ಬಾಟಲಿ ಮೂರು ಕಡೆಯಿಂದ ಆಮ್ಲಜನಕದ ದಾರಿ ಕೆಡಿಸಬಲ್ಲದು.

ದ್ರವಕ್ಕೆ ಸ್ಪಂದನೆ ಇಲ್ಲದಿದ್ದರೆ, ಅಥವಾ ಕೊಟ್ಟರೂ ಬೆರಳು ಸರಿಹೋಗದಿದ್ದರೆ, ಹಿಂದಿನಿಂದ ಅಧಿಕ ರಕ್ತದೊತ್ತಡವಿರುವ ರೋಗಿಯಲ್ಲಿ ಒತ್ತಡದ ಪ್ರಯೋಗ ಮಾಡಬಹುದು. ನಾರ್‌ಅಡ್ರಿನಲಿನ್ ಏರಿಸಿ ಮ್ಯಾಪ್ 80ರಿಂದ 85ಕ್ಕೆ ತನ್ನಿ, ಒಂದು ಗಂಟೆ ಹಿಡಿದು ಸಿಆರ್‌ಟಿ ನೋಡಿ. ಸುಧಾರಿಸಿದರೆ ಅಲ್ಲೇ ಇರಿ. ಸುಧಾರಿಸದಿದ್ದರೆ ಹಳೆಯ ಡೋಸ್‌ಗೆ ಇಳಿಯಿರಿ. ಈ ಇಳಿಯುವುದನ್ನೇ ಹೆಚ್ಚಿನವರು ಮರೆಯುತ್ತಾರೆ. 2014ರ ಸೆಪ್ಸಿಸ್‌ಪ್ಯಾಮ್ ಅಧ್ಯಯನದಲ್ಲಿ ಎಲ್ಲರಿಗೂ ಎತ್ತರದ ಒತ್ತಡ ಇಟ್ಟಾಗ ಸಾವು ತಗ್ಗಲಿಲ್ಲ, ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಲಯ ತಪ್ಪುವ ತೊಂದರೆ) ಹೆಚ್ಚಾಯಿತು. ಆದರೆ ಹಿಂದಿನಿಂದ ಅಧಿಕ ರಕ್ತದೊತ್ತಡವಿದ್ದ ರೋಗಿಗಳಲ್ಲಿ ಡಯಾಲಿಸಿಸ್ ಅಗತ್ಯ ಕಡಿಮೆಯಾಯಿತು. ಅಂದರೆ ಇದು ಆರಿಸಿ ಮಾಡುವ ಪ್ರಯೋಗ, ಎಲ್ಲರಿಗೂ ಹಾಕುವ ನಿಯಮವಲ್ಲ.

ಮೂರನೆಯದು ಹೃದಯದ ಪಂಪ್. ಎಕೋ ನೋಡದೆ ಇದಕ್ಕೆ ಕೈ ಹಾಕಬೇಡಿ. ಎಡ ಹೃತ್ಕುಕ್ಷಿಯ ಹೊರದಾರಿ ಕಿರಿದಾಗಿದ್ದು ಹೃದಯ ಖಾಲಿಯಾಗಿ ಬಡಿಯುತ್ತಿದ್ದರೆ ಡೊಬ್ಯುಟಮೈನ್ (ಹೃದಯದ ಸಂಕುಚನ ಹೆಚ್ಚಿಸುವ ಔಷಧ) ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ. ಸಂಕುಚನ ನಿಜಕ್ಕೂ ದುರ್ಬಲವಾಗಿದ್ದರೆ ಪ್ರತಿ ಕೆಜಿಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ, ಒಂದು ಗಂಟೆ. ನಾಡಿ 15 ಶೇಕಡಾಕ್ಕಿಂತ ಹೆಚ್ಚು ಏರಿದರೆ, ಲಯ ತಪ್ಪಿದರೆ, ಒತ್ತಡ ಕುಸಿದರೆ ನಿಲ್ಲಿಸಿ. ಸಿಆರ್‌ಟಿ ಬದಲಾಗದಿದ್ದರೂ ನಿಲ್ಲಿಸಿ.

ನಾರ್‌ಅಡ್ರಿನಲಿನ್ ಪ್ರತಿ ಕೆಜಿಗೆ ನಿಮಿಷಕ್ಕೆ 0.25ರಿಂದ 0.5 ಮೈಕ್ರೋಗ್ರಾಂ ಮುಟ್ಟಿದಾಗ ಅದನ್ನೇ ಏರಿಸುತ್ತ ಹೋಗುವ ಬದಲು ವ್ಯಾಸೊಪ್ರೆಸಿನ್ ನಿಮಿಷಕ್ಕೆ 0.03 ಯೂನಿಟ್ ಸೇರಿಸಿ. 0.25 ಅಥವಾ ಹೆಚ್ಚಿನ ಡೋಸ್ 4 ಗಂಟೆ ಮುಂದುವರಿದರೆ ಹೈಡ್ರೊಕಾರ್ಟಿಸೋನ್ 50 ಎಂಜಿ, 6 ಗಂಟೆಗೊಮ್ಮೆ.

ಹಿಮೋಗ್ಲೋಬಿನ್ ಲೆಕ್ಕದಲ್ಲಿ ಅಷ್ಟು ದೊಡ್ಡ ಪಾತ್ರ ವಹಿಸುವುದರಿಂದ ರಕ್ತ ಕೊಟ್ಟರೆ ಆಮ್ಲಜನಕ ಹೆಚ್ಚಲೇಬೇಕು ಎಂದು ತೋರುತ್ತದೆ. ಆದರೆ ಸಾಗಿಸುವ ಲಾರಿಗಳು ಹೆಚ್ಚಾದ ಮಾತ್ರಕ್ಕೆ ಮುಚ್ಚಿದ ಓಣಿ ತೆರೆಯುವುದಿಲ್ಲ. 2014ರ ಟ್ರಿಸ್ ಅಧ್ಯಯನದಲ್ಲಿ ಹಿಮೋಗ್ಲೋಬಿನ್ 7ಕ್ಕೆ ಇಳಿದಾಗ ರಕ್ತ ಕೊಡುವುದಕ್ಕೂ 9ಕ್ಕೆ ಇಳಿದಾಗಲೇ ಕೊಡುವುದಕ್ಕೂ 90 ದಿನಗಳ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 7 ಗ್ರಾಂ ಗಡಿ. ಹೃದಯಾಘಾತ ಅಥವಾ ರಕ್ತಸ್ರಾವವಿದ್ದರೆ ಲೆಕ್ಕ ಬೇರೆ. ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ ಪಿಷ್ಟದ ದ್ರವ ಬೇಡ. 2012ರ 6ಎಸ್ ಅಧ್ಯಯನದಲ್ಲಿ ಅದು ಸಾವನ್ನೂ ಡಯಾಲಿಸಿಸ್ ಅಗತ್ಯವನ್ನೂ ಹೆಚ್ಚಿಸಿತು. ಲೋಮನಾಳ ತೆರೆಯಲೆಂದು ನೈಟ್ರೊಗ್ಲಿಸರಿನ್ ಕೊಡುವ ಆಲೋಚನೆ ಆಕರ್ಷಕವಾದರೂ ನಿಯಂತ್ರಿತ ಪರೀಕ್ಷೆಯಲ್ಲಿ ಪ್ರಯೋಜನ ತೋರಲಿಲ್ಲ.

ನಾಲಿಗೆಯಡಿಯ ಸೂಕ್ಷ್ಮದರ್ಶಕ ಇದ್ದರೆ

ಕೈಯಲ್ಲಿ ಹಿಡಿಯುವ ವಿಡಿಯೋ ಸೂಕ್ಷ್ಮದರ್ಶಕ ಇನ್ನೂ ಮುಖ್ಯವಾಗಿ ಸಂಶೋಧನೆಯ ಸಾಧನ, ಅದನ್ನು ನೋಡಿ ಡೋಸ್ ಬದಲಿಸುವ ಹಂತ ಬಂದಿಲ್ಲ. ಆದರೂ ಒಮ್ಮೆ ಆ ದೃಶ್ಯ ನೋಡಿದವರಿಗೆ ಈ ವಿಷಯ ಮತ್ತೆ ವಿವರಿಸಬೇಕಾಗುವುದಿಲ್ಲ. ಹಸಿರು ಬೆಳಕನ್ನು ಹಿಮೋಗ್ಲೋಬಿನ್ ಹೀರುವುದರಿಂದ ಬೂದು ಹಿನ್ನೆಲೆಯಲ್ಲಿ ಕೆಂಪುಕಣಗಳು ಕಪ್ಪು ಚುಕ್ಕೆಗಳ ಸಾಲಾಗಿ ಸಾಗುವುದು ಕಾಣುತ್ತದೆ. ಆರೋಗ್ಯವಂತರಲ್ಲಿ ಎಲ್ಲ ಎಳೆಗಳಲ್ಲೂ ನಿಲ್ಲದ ಹರಿವು. ಸೆಪ್ಟಿಕ್ ಶಾಕ್‌ನಲ್ಲಿ ಒಂದು ಎಳೆ ಓಡುತ್ತದೆ, ಅದರ ಪಕ್ಕದ್ದು ತಡೆತಡೆದು ಸಾಗುತ್ತದೆ, ಮೂರನೆಯದರಲ್ಲಿ ಚುಕ್ಕೆಗಳು ಪೋಣಿಸಿಟ್ಟ ಮಣಿಗಳಂತೆ ನಿಂತಿರುತ್ತವೆ.

ಜೊಲ್ಲನ್ನು ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ, ತುದಿಗೆ ಹೊಸ ಶುದ್ಧ ಮುಚ್ಚಳ ಹಾಕಿ, ನಾಲಿಗೆಯಡಿ ಇರಿಸಿ ಸ್ವಲ್ಪ ಹಿಂದಕ್ಕೆಳೆದು ಬರೀ ಮುಟ್ಟುವಷ್ಟು ಹಿಡಿಯಿರಿ. ಒತ್ತಿ ಹಿಡಿಯುವುದೇ ಇಲ್ಲಿನ ದೊಡ್ಡ ತಪ್ಪು, ನಿಮ್ಮ ಕೈಯೇ ರಕ್ತ ನಿಲ್ಲಿಸಿ ರೋಗವೆಂದು ತೋರಿಸುತ್ತದೆ. ಪರೀಕ್ಷಿಸಲು ದಪ್ಪ ಕಿರು ಅಭಿಧಮನಿಗಳನ್ನು ನೋಡಿ. ಅವುಗಳಲ್ಲೂ ರಕ್ತ ನಿಂತಿದ್ದರೆ ಅಥವಾ ಹಿಂದೆ ಮುಂದೆ ತೂಗುತ್ತಿದ್ದರೆ ಅದು ಒತ್ತಡದ ದೋಷ, ಆ ವಿಡಿಯೋ ಬಿಡಿ. ಕನಿಷ್ಠ 3 ಜಾಗ, ಪ್ರತಿ ಜಾಗದಲ್ಲಿ 20 ಸೆಕೆಂಡ್ ಸ್ಥಿರ ಚಿತ್ರ. ನಂತರ 20 ಮೈಕ್ರೋಮೀಟರ್‌ಗಿಂತ ಸಣ್ಣ ನಾಳಗಳಿಗೆ ಅಂಕ ಕೊಡಿ: ಹರಿವಿಲ್ಲ 0, ತಡೆತಡೆದು 1, ನಿಧಾನ 2, ನಿರಂತರ 3. ಸರಾಸರಿ ಒಂದನ್ನೇ ಬರೆದರೆ ಏರುಪೇರು ಮುಚ್ಚಿಹೋಗುತ್ತದೆ. ಹರಿಯುತ್ತಿರುವ ನಾಳಗಳ ಪ್ರಮಾಣವನ್ನೂ ಜಾಗದಿಂದ ಜಾಗಕ್ಕೆ ಇರುವ ವ್ಯತ್ಯಾಸವನ್ನೂ ಜೊತೆಗೆ ಬರೆಯಿರಿ.

ಪಾಳಿ ಬದಲಾಗುವಾಗ

ಮುಂದಿನವರಿಗೆ ಒಪ್ಪಿಸುವ ಹಾಳೆಯಲ್ಲಿ ಒಂದೇ ಸಾಲಿನಲ್ಲಿ ಇವಿಷ್ಟು ಇರಲಿ: ಗಂಟೆ, ಮ್ಯಾಪ್, ಕೇಂದ್ರ ಅಭಿಧಮನಿಯ ಒತ್ತಡ, ನಾರ್‌ಅಡ್ರಿನಲಿನ್ ಡೋಸ್, ಸಿಆರ್‌ಟಿ ಸೆಕೆಂಡ್‌ಗಳಲ್ಲಿ ಮತ್ತು ಯಾವ ಬೆರಳಿನದು, ಮಂಡಿಯ ಅಂಕ, ಲ್ಯಾಕ್ಟೇಟ್, ಕಾರ್ಬನ್ ಡೈಆಕ್ಸೈಡ್ ಅಂತರ, ಹಿಂದಿನ ಗಂಟೆಯ ಮೂತ್ರ, ಈವರೆಗೆ ಕೊಟ್ಟ ಒಟ್ಟು ದ್ರವ. ಕೈ ಬೆಚ್ಚಗಿತ್ತೋ ತಣ್ಣಗಿತ್ತೋ ಎಂದೂ ಬರೆಯಿರಿ. ‘ಸಿಆರ್‌ಟಿ ಸರಿಯಿದೆ’ ಎಂದು ಬರೆಯಬೇಡಿ. ‘ಬಲ ತೋರುಬೆರಳು, 10 ಸೆಕೆಂಡ್ ಒತ್ತಿ, 4.5 ಸೆಕೆಂಡ್, ಕೈ ತಣ್ಣಗೆ, ಎರಡನೇ ಬೋಲಸ್ ಮುಗಿದ ಮೇಲೆ’ ಎಂದು ಬರೆದರೆ ಮುಂದಿನವರು 30 ನಿಮಿಷಕ್ಕೆ ಅದೇ ಬೆರಳನ್ನು ಒತ್ತಿ, ಮೂರನೇ ಬೋಲಸ್ ಬೇಕೋ ಬೇಡವೋ ಎಂದು ತೀರ್ಮಾನಿಸಬಲ್ಲರು.